ತ್ರಿತ್ವವಾದದಲ್ಲಿ ಶಬ್ದವೂ ಅರ್ಥವೂ

ದೇವನು ಒಬ್ಬನೇ ಎಂದು ಸಾರುವ ಕ್ರೈಸ್ತಮತವು ಆ ಒಬ್ಬ ದೇವನನ್ನೇ ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರುಗಳಿಂದ ಆರಾಧಿಸುತ್ತದೆಂಬುದು ವಾಚಕರಿಗೆ ವಿದಿತವೇ ಇದೆ. ಕನ್ನಡ ಕ್ರೈಸ್ತರ ಪುಸ್ತಕಗಳಲ್ಲಿ ಇದಕ್ಕೆ ತ್ರಿತ್ವವೆಂದೂ ಆ ದೇವರಿಗೆ ತ್ರಿಯೇಕ ದೇವರೆಂದೂ ಹೆಸರುಂಟು. ಸಂಸ್ಕೃತ ಸಂಧಿಯನ್ನು ಅನುಸರಿಸಿದರೆ 'ತ್ರ್ಯೇಕ' ಎಂದಾಗಬೇಕಾಗಿದ್ದಿತು. ಕನ್ನಡದ ಯಕಾರಾಗಮವು ನಡುವೆ ಬಂದು 'ತ್ರಿಯೇಕ'ವಾಗಿದೆ. ಅದು ಹೇಗಾದರೂ ಇರಲಿ. ಈ ಸಿದ್ಧಾಂತದ ವಿಷಯವಾಗಿ ಕ್ರೈಸ್ತರಲ್ಲಿಯೇ ಎಷ್ಟು ಭಿನ್ನಾಭಿಪ್ರಾಯಗಳು ಹುಟ್ಟಿದವು, ಅವುಗಳಲ್ಲಿ ಎಷ್ಟು ನಿಜವಾದ ಅರ್ಥಭೇದಗಳು, ಎಷ್ಟು ಬರಿಯ ಶಬ್ದಭೇದಗಳು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಅನ್ಯಮತದ ವಿಚಾರವೆಂದು ಇದನ್ನು ಬದಿಗಿಡಬೇಕಾಗಿಲ್ಲ. ವ್ಯಾಕರಣವನ್ನೂ ತರ್ಕವನ್ನೂ ಸ್ವಲ್ಪ ಓದಿದವರಿಗೆ ಇಲ್ಲಿ ಪರಿಚಿತವಾದ ನೆಲವೇ ಪದೇ ಪದೇ ಕಾಣಿಸುತ್ತದೆ.

ಮೊದಲೇ ಒಂದು ಭ್ರಮೆಯನ್ನು ನಿವಾರಿಸುವುದು ಒಳ್ಳೆಯದು. ತ್ರಿತ್ವವೆಂದೊಡನೆ ನಮ್ಮವರಿಗೆ ತ್ರಿಮೂರ್ತಿಗಳ ನೆನಪಾಗುತ್ತದೆ. ಸೃಷ್ಟಿ ಸ್ಥಿತಿ ಲಯಗಳೆಂಬ ಕಾರ್ಯಭೇದದಿಂದ ಬಂದ ಮೂರು ಹೆಸರುಗಳು ಅವು. ಕ್ರೈಸ್ತರ ಮೂವರಲ್ಲಿ ಈ ಬಗೆಯ ಕೆಲಸದ ಹಂಚಿಕೆ ಇಲ್ಲ. ಲೋಕವನ್ನು ಕುರಿತ ಪ್ರತಿಯೊಂದು ಕಾರ್ಯವೂ ಮೂವರಿಗೂ ಸೇರಿದ್ದೆಂದೇ ಅವರ ಆಚಾರ್ಯರು ಹೇಳುತ್ತಾರೆ. ಕಾರ್ಯದಿಂದಲೇ ಮೂರು ಹೆಸರಾಯಿತೆಂದು ಹೇಳಿದವನು ಅವರಲ್ಲಿಯೂ ಇದ್ದನು. ಮೂರನೆಯ ಶತಮಾನದ ಆದಿಯಲ್ಲಿ ರೋಮಿನಲ್ಲಿ ಬೋಧಿಸುತ್ತಿದ್ದ ಸಬೆಲಿಯಸನ ಮತವು ಇದೇ. ಒಬ್ಬನೇ ದೇವನು ಒಮ್ಮೆ ತಂದೆಯಾಗಿಯೂ ಒಮ್ಮೆ ಮಗನಾಗಿಯೂ ಒಮ್ಮೆ ಆತ್ಮವಾಗಿಯೂ ತೋರಿಕೊಳ್ಳುತ್ತಾನೆಂದು ಅವನ ವಾದ. ಹಾಗಾದರೆ ಮಗನು ತಂದೆಯನ್ನು ಪ್ರಾರ್ಥಿಸಿದಾಗ ಯಾರು ಯಾರನ್ನು ಪ್ರಾರ್ಥಿಸಿದಂತಾಯಿತೆಂದು ಕೇಳಿ ಸಭೆಯು ಅವನನ್ನು ಹೊರಗೆ ಹಾಕಿತು.

ಬೈಬಲಿನಲ್ಲಿ ತ್ರಿತ್ವವೆಂಬ ಶಬ್ದವೇ ಇಲ್ಲ. ಸುಮಾರು 180ರಲ್ಲಿ ಅಂತಿಯೋಕ್ಯದ ಥಿಯೋಫಿಲಸನು ಗ್ರೀಕಿನಲ್ಲಿ 'ತ್ರಿಯಾಸ್' ಎಂದು ಬರೆದನು. ಅವನ ಎಣಿಕೆಯಲ್ಲಿಯೂ ಆ ಮೂರು ದೇವರು, ಆತನ ವಾಕ್ಕು, ಆತನ ಜ್ಞಾನ ಎಂದು ಇದ್ದಿತು. ಬಳಿಕ ಆಫ್ರಿಕದ ಕಾರ್ಥೇಜಿನ ತೆರ್ತುಲಿಯನನು ಲ್ಯಾಟಿನಿನಲ್ಲಿ 'ತ್ರಿನಿತಾಸ್' ಎಂಬ ಶಬ್ದವನ್ನು ರೂಢಿಗೆ ತಂದು, 'ಸುಬ್‌ಸ್ತಾಂತಿಯಾ' ಒಂದು, 'ಪೆರ್ಸೋನಾ'ಗಳು ಮೂರು ಎಂಬ ಪರಿಭಾಷೆಯನ್ನು ಹಾಕಿಕೊಟ್ಟನು. ಇವನ ಒಂದು ವ್ಯಾಕರಣ ಸೂಕ್ಷ್ಮವು ಕನ್ನಡಿಗರಿಗೆ ಸುಲಭವಾಗಿ ತಿಳಿಯತಕ್ಕದ್ದು. ತಾನೂ ತಂದೆಯೂ ಒಂದೆಂದು ಯೇಸು ಹೇಳಿದುದಾಗಿ ಯೋಹಾನನ ಸುವಾರ್ತೆಯಲ್ಲಿದೆಯಷ್ಟೆ. ಅಲ್ಲಿ ಒಂದು ಎಂಬ ಶಬ್ದವು ನಪುಂಸಕಲಿಂಗದಲ್ಲಿದೆ, ಪುಲ್ಲಿಂಗದಲ್ಲಿಲ್ಲ. ಎಂದರೆ ಇಬ್ಬರೂ 'ಒಂದು', 'ಒಬ್ಬ' ಅಲ್ಲ. ಇಂಗ್ಲೀಷಿನವರು ಈ ಭೇದವನ್ನು ವಿವರಿಸಲು ಟಿಪ್ಪಣಿ ಬರೆಯಬೇಕಾಗುತ್ತದೆ. ಒಬ್ಬ, ಒಂದು ಎಂಬ ಎರಡು ಮಾತುಗಳುಳ್ಳ ನಮಗೆ ಅದು ಬೇಕಾಗಿಲ್ಲ.

ನಿಜವಾದ ಕಲಹವು ಹೊತ್ತಿದುದು ನಾಲ್ಕನೆಯ ಶತಮಾನದಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ. ಅಲ್ಲಿನ ಏರಿಯಸನೆಂಬ ಪಾದ್ರಿಯು ಸುಮಾರು 318ರಲ್ಲಿ ತನ್ನ ಬಿಷಪ್ಪನಾದ ಅಲೆಕ್ಸಾಂಡರನ ಬೋಧನೆಯನ್ನು ಆಕ್ಷೇಪಿಸಿದನು. ಅವನ ತರ್ಕವು ಬಹು ಸರಳ. ತಂದೆಯು ಮಗನಿಗಿಂತ ಮೊದಲಿರಬೇಕು, ಹುಟ್ಟಿದುದಕ್ಕೆ ಆದಿಯಿರಬೇಕು, ಆದುದರಿಂದ ಮಗನು ಇಲ್ಲದಿದ್ದ ಒಂದು ಸ್ಥಿತಿಯಿದ್ದಿರಬೇಕು, ಅವನು ಎಷ್ಟೇ ಶ್ರೇಷ್ಠನಾದರೂ ಸೃಷ್ಟಿಗೆ ಸೇರಿದವನೇ. ಅನಾದಿಯೂ ಅಜನೂ ಆದ ದೇವನು ಒಬ್ಬನೇ ಎಂಬುದನ್ನು ಕಾಪಾಡಬೇಕೆಂಬ ಶ್ರದ್ಧೆಯಿಂದಲೇ ಏರಿಯಸನು ಹೀಗೆ ಹೇಳಿದನೆಂಬುದನ್ನು ನಾವು ಮರೆಯಬಾರದು. ಗೆದ್ದವರು ಬರೆದ ಚರಿತ್ರೆಯಲ್ಲಿ ಸೋತವನ ಸದುದ್ದೇಶವು ಕಾಣುವುದು ಕಡಮೆ. ಅವನು ತನ್ನ ಮತವನ್ನು ಪದ್ಯಮಿಶ್ರವಾದ 'ಥಾಲಿಯಾ' ಎಂಬ ಗ್ರಂಥದಲ್ಲಿ ಬರೆದನು. ಅದರ ಕೆಲವು ಚೂರುಗಳು ಉಳಿದಿರುವುದು ಪ್ರತಿವಾದಿಗಳು ಖಂಡನೆಗಾಗಿ ಎತ್ತಿಕೊಂಡುದರಿಂದ.

ಆ ಪ್ರತಿವಾದಿಗಳಲ್ಲಿ ಮುಖ್ಯನು ಅಥನಾಸಿಯಸನು. ಇವನ ಕಾಳಜಿಯು ಬೇರೆ ಕಡೆಯದು. ಸೃಷ್ಟಿಗೆ ಸೇರಿದ ಒಬ್ಬನು ಸೃಷ್ಟಿಗೆ ಸೇರಿದ ಇತರರನ್ನು ಉದ್ಧರಿಸಲಾರನು. ಮುಳುಗುತ್ತಿರುವವನನ್ನು ದಡದಲ್ಲಿರುವವನೇ ಎತ್ತಬೇಕು. ಮಗನು ದೇವನೇ ಅಲ್ಲದಿದ್ದರೆ ಮೋಕ್ಷವೆಲ್ಲಿ ಎಂದು ಅವನ ಪ್ರಶ್ನೆ. ದೇವನಲ್ಲಿ ಹುಟ್ಟು ಎಂಬುದು ಕಾಲದಲ್ಲಿ ನಡೆಯುವ ವ್ಯಾಪಾರವಲ್ಲ. ಸೂರ್ಯನಿದ್ದಾಗಲೆಲ್ಲ ಕಿರಣವಿರುವಂತೆ ತಂದೆಯಿದ್ದಾಗಲೆಲ್ಲ ಮಗನಿದ್ದಾನೆ ಎಂದು ಅವನು ಸಮಾಧಾನ ಹೇಳಿದನು. ಈ ಇಬ್ಬರ ನಡುವಣ ಭೇದವು ಶಬ್ದದ್ದಲ್ಲ, ಅರ್ಥದ್ದು. ಮಾತನ್ನು ಎಷ್ಟು ತಿದ್ದಿದರೂ ಇವರಿಬ್ಬರನ್ನು ಒಂದುಗೂಡಿಸುವುದು ಸಾಧ್ಯವಿರಲಿಲ್ಲ.

ಚಕ್ರವರ್ತಿ ಕಾನ್‌ಸ್ಟಂಟೈನನಿಗೆ ಇದು ಕ್ಷುಲ್ಲಕವಾದ ಜಗಳವೆಂದು ತೋರಿತು. ಹಾಗೆಂದು ಇಬ್ಬರಿಗೂ ಪತ್ರ ಬರೆದು ನೋಡಿದನು. ಫಲವಾಗದಿರಲು 325ರಲ್ಲಿ ಈಗಿನ ತುರ್ಕಿದೇಶದ ಇಜ್ನಿಕ್ ಎಂಬಲ್ಲಿದ್ದ ನೈಸಿಯಾ ನಗರದಲ್ಲಿ ಬಿಷಪ್ಪರ ಮಹಾಸಭೆಯನ್ನು ಕೂಡಿಸಿದನು. ಸಂಪ್ರದಾಯದ ಪ್ರಕಾರ 318 ಮಂದಿ ಸೇರಿದ್ದರು. ಈ ಸಂಖ್ಯೆಯು ಅಬ್ರಹಾಮನ ಸೇವಕರ ಸಂಖ್ಯೆಯಿಂದ ಬಂದುದೆಂದು ಶಂಕಿಸುವವರುಂಟು. ಸಭೆಯು ಮಗನನ್ನು ತಂದೆಗೆ 'ಹೊಮೊಊಸಿಯೋಸ್' ಎಂದು ನಿರ್ಣಯಿಸಿತು. ಗ್ರೀಕರ 'ಹೊಮೊ' ಶಬ್ದವೂ ನಮ್ಮ 'ಸಮ' ಶಬ್ದವೂ ಒಂದೇ ಮೂಲದವು. 'ಊಸಿಯಾ' ಎಂಬುದು ಇರವನ್ನು ಹೇಳುವ ಧಾತುವಿನಿಂದ ಬಂದುದು, ನಮ್ಮ 'ಸತ್' ಶಬ್ದದ ಬಂಧು. ಆದುದರಿಂದ ಇದನ್ನು 'ಸಮಸತ್ತ್ವನು' ಎಂದು ಕನ್ನಡಿಸಬಹುದು. ಗುಣತ್ರಯದ ಸತ್ತ್ವವಲ್ಲ, ಇರವು ಎಂಬರ್ಥದ ಸತ್ತ್ವ. ಒಪ್ಪದ ಏರಿಯಸನನ್ನೂ ಇಬ್ಬರು ಬಿಷಪ್ಪರನ್ನೂ ಚಕ್ರವರ್ತಿಯು ದೇಶಭ್ರಷ್ಟರನ್ನಾಗಿ ಮಾಡಿದನು. ಮತನಿರ್ಣಯದ ಹಿಂದೆ ರಾಜದಂಡವು ನಿಂತುದು ಅಂದಿನಿಂದ.

ಆದರೆ ಆ ಶಬ್ದವು ಬಂದುದು ಬೈಬಲಿನಿಂದಲ್ಲ. ಮೇಲಾಗಿ 268ರಲ್ಲಿ ಅಂತಿಯೋಕ್ಯದ ಸಭೆಯೊಂದು ಅದೇ ಶಬ್ದವನ್ನು ಬೇರೊಂದು ಅರ್ಥದಲ್ಲಿ ನಿಷೇಧಿಸಿದ್ದಿತು. ಏರಿಯಸನನ್ನು ಮೆಚ್ಚದ ಅನೇಕರಿಗೂ ಇದರಲ್ಲಿ ಸಬೆಲಿಯಸನ ವಾಸನೆ ಬಂದಿತು. ಅವರಲ್ಲಿ ಒಂದು ಪಂಗಡವು ಇಕಾರವೊಂದನ್ನು ಸೇರಿಸಿ 'ಹೊಮೊಯಿಊಸಿಯೋಸ್', ಎಂದರೆ ಸದೃಶಸತ್ತ್ವನು, ಎಂದು ಹೇಳಿತು. ಒಂದು ಅಕ್ಷರಕ್ಕಾಗಿ ಲೋಕವೆಲ್ಲ ಬಡಿದಾಡಿತೆಂದು ಆಂಗ್ಲ ಇತಿಹಾಸಕಾರನಾದ ಗಿಬ್ಬನ್ನನು ಪರಿಹಾಸಮಾಡಿದ್ದಾನೆ. ಈ ಪರಿಹಾಸವನ್ನು ನಾನು ಒಪ್ಪಲಾರೆ. ಅಕ್ಷರವೂ ಬೇಡ, ಸ್ವರವೊಂದು ತಪ್ಪಿದುದಕ್ಕೆ 'ಇಂದ್ರಶತ್ರು' ಎಂಬ ಸಮಾಸದ ಅರ್ಥವು ತಿರುಗಿ, ಇಂದ್ರನನ್ನು ಕೊಲ್ಲಬೇಕಾಗಿದ್ದ ವೃತ್ರನು ಇಂದ್ರನಿಂದಲೇ ಹತನಾದ ಕಥೆಯನ್ನು ನಮ್ಮ ವೈಯಾಕರಣರು ಹೇಳಿಕೊಂಡು ಬಂದಿಲ್ಲವೆ? ಅದೇ ಎಂಬುದಕ್ಕೂ ಅದರಂತೆ ಎಂಬುದಕ್ಕೂ ಇರುವ ಅಂತರವು ಅಭೇದಕ್ಕೂ ಉಪಮೆಗೂ ಇರುವ ಅಂತರ.

ಕಾನ್‌ಸ್ಟಂಟೈನನ ತರುವಾಯ ರಾಜ್ಯವಾಳಿದ ಕಾನ್‌ಸ್ಟಂಟಿಯಸನು ನೈಸಿಯಾದ ನಿರ್ಣಯಕ್ಕೆ ವಿರೋಧಿಯಾಗಿದ್ದನು. 357ರಲ್ಲಿ ಸಿರ್ಮಿಯಂ ನಗರದಲ್ಲಿ ಸೇರಿದವರು ಊಸಿಯಾ ಎಂಬ ಮಾತನ್ನೇ ಎತ್ತಕೂಡದೆಂದು ವಿಧಿಸಿದರು. ಅಥನಾಸಿಯಸನು 328ರಿಂದ 373ರ ವರೆಗೆ ಬಿಷಪ್ಪನಾಗಿದ್ದನು. ಅದರಲ್ಲಿ ಸುಮಾರು ಹದಿನೇಳು ವರ್ಷಗಳನ್ನು ಐದು ಸಲ ದೇಶಾಂತರವಾಸದಲ್ಲಿ ಕಳೆದನು. ಒಮ್ಮೆ ಜರ್ಮನಿಯ ಗಡಿಯ ಟ್ರಿಯರಿನಲ್ಲಿ, ಒಮ್ಮೆ ರೋಮಿನಲ್ಲಿ, ಒಮ್ಮೆ ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳ ನಡುವೆ.

ಈಗ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟಕ್ಕೆ ಬರುತ್ತೇನೆ. ಗ್ರೀಕಿನಲ್ಲಿ ಊಸಿಯಾ ಎಂಬುದರ ಜತೆಗೆ 'ಹೈಪೋಸ್ಟಸಿಸ್' ಎಂಬ ಇನ್ನೊಂದು ಶಬ್ದವಿದ್ದಿತು. ಕೆಳಗೆ ಆಧಾರವಾಗಿ ನಿಂತಿರುವುದು ಎಂದು ಅದರ ಅವಯವಾರ್ಥ. ನೈಸಿಯಾದ ಸಭೆಯು ಈ ಎರಡನ್ನೂ ಪರ್ಯಾಯಗಳಂತೆ ಬಳಸಿದ್ದಿತು. ಆದುದರಿಂದ ಒಂದು ಪಕ್ಷದವರು ದೇವನಲ್ಲಿ ಹೈಪೋಸ್ಟಸಿಸ್ ಒಂದೇ ಎಂದರು. ಪೂರ್ವದೇಶದ ಮತ್ತೊಂದು ಪಕ್ಷದವರು ತಂದೆ, ಮಗ, ಆತ್ಮರು ನಿಜವಾಗಿಯೂ ಬೇರೆ ಬೇರೆಯಾಗಿದ್ದಾರೆ, ಬರಿಯ ಹೆಸರುಗಳಲ್ಲ, ಎಂದು ತೋರಿಸುವುದಕ್ಕಾಗಿ ಹೈಪೋಸ್ಟಸಿಸ್ ಮೂರು ಎಂದರು. ಮೊದಲಿನವರಿಗೆ ಎರಡನೆಯವರು ಮೂರು ದೇವರನ್ನು ಪೂಜಿಸುವವರಂತೆ ಕಂಡರು. ಎರಡನೆಯವರಿಗೆ ಮೊದಲಿನವರು ಸಬೆಲಿಯಸನ ಶಿಷ್ಯರಂತೆ ಕಂಡರು. ಅಂತಿಯೋಕ್ಯದಲ್ಲಿ ಈ ಎರಡು ಗುಂಪುಗಳೂ, ಎರಡೂ ಏರಿಯಸನ ವಿರೋಧಿಗಳೇ ಆಗಿದ್ದರೂ, ಬೇರೆ ಬೇರೆಯಾಗಿ ಪೂಜೆ ನಡೆಸುತ್ತಿದ್ದವು.

361ರಲ್ಲಿ ಕಾನ್‌ಸ್ಟಂಟಿಯಸನು ತೀರಿಕೊಳ್ಳಲು, ಹಳೆಯ ದೇವತೆಗಳ ಭಕ್ತನಾದ ಜೂಲಿಯನನು ಪಟ್ಟಕ್ಕೆ ಬಂದು ದೇಶಭ್ರಷ್ಟರಾಗಿದ್ದ ಬಿಷಪ್ಪರನ್ನು ಹಿಂದಕ್ಕೆ ಬಿಟ್ಟನು. ಹಾಗೆ ಮರಳಿದ ಅಥನಾಸಿಯಸನು 362ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಒಂದು ಸಣ್ಣ ಸಭೆಯನ್ನು ಸೇರಿಸಿದನು. ಬಂದವರು ಇಪ್ಪತ್ತು ಚಿಲ್ಲರೆ ಬಿಷಪ್ಪರು. ಅಲ್ಲಿ ಮೂರು ಎನ್ನುವವರನ್ನು ಕರೆದು, ನೀವು ಮೂರು ಎಂದಾಗ ಬಂಗಾರ, ಬೆಳ್ಳಿ, ಹಿತ್ತಾಳೆಗಳಂತೆ ಬೇರೆ ಬೇರೆ ವಸ್ತುಗಳೆಂದು ಹೇಳುವಿರೋ, ಮೂವರು ದೇವರೆಂದು ಹೇಳುವಿರೋ ಎಂದು ವಿಚಾರಿಸಿದರು. ಅವರು ಸರ್ವಥಾ ಇಲ್ಲವೆಂದರು. ದೇವತ್ವವು ಒಂದೇ, ಆದರೆ ಮೂವರೂ ವಾಸ್ತವವಾಗಿ ಇದ್ದಾರೆ ಎಂಬುದಷ್ಟೇ ನಮ್ಮ ವಿವಕ್ಷೆ ಎಂದರು. ಬಳಿಕ ಒಂದು ಎನ್ನುವವರನ್ನು ಕರೆದು, ನೀವು ಒಂದು ಎಂದಾಗ ಮಗನನ್ನೂ ಆತ್ಮವನ್ನೂ ಅಳಿಸಿಬಿಡುವಿರೋ ಎಂದು ವಿಚಾರಿಸಿದರು. ಅವರೂ ಸರ್ವಥಾ ಇಲ್ಲವೆಂದರು. ಹೈಪೋಸ್ಟಸಿಸ್ ಎಂದರೆ ನಮಗೆ ಊಸಿಯಾ ಎಂದೇ ಅರ್ಥ, ಅದು ಒಂದೇ ಎಂದರು. ಇಬ್ಬರ ಉತ್ತರವನ್ನೂ ಕೇಳಿದ ಸಭೆಯು ಎರಡು ಪಕ್ಷಗಳ ಅಭಿಪ್ರಾಯವೂ ಒಂದೇ ಎಂದು ನಿರ್ಣಯಿಸಿ, ಆ ಕುರಿತು ಅಂತಿಯೋಕ್ಯದವರಿಗೆ ಪತ್ರ ಬರೆಯಿತು.

ಬಾಳೆಲ್ಲ ಒಂದು ಶಬ್ದಕ್ಕಾಗಿ ಹೋರಾಡಿದ ಮುದುಕನು, ಶಬ್ದವನ್ನು ಬಿಟ್ಟು ವಿವಕ್ಷೆಯನ್ನು ಕೇಳೋಣವೆಂದು ಕುಳಿತನೆಂಬುದು ಸಾಮಾನ್ಯ ಸಂಗತಿಯಲ್ಲ. ನಮ್ಮ ವಾದಸಭೆಗಳಲ್ಲಿ ಪರಪಕ್ಷವನ್ನು ಅನುವಾದಮಾಡಿ, ಇದೇ ನಿಮ್ಮ ಅಭಿಪ್ರಾಯವಷ್ಟೆ ಎಂದು ಒಪ್ಪಿಸಿಕೊಂಡ ಮೇಲೆಯೇ ಖಂಡನೆಗೆ ತೊಡಗಬೇಕೆಂಬ ಮರ್ಯಾದೆಯಿದೆ. ಅದು ಎಷ್ಟು ಸಲ ಪಾಲಿತವಾಯಿತೆಂಬುದು ಬೇರೆ ಮಾತು.

ಆದರೆ ಪತ್ರವು ಅಂತಿಯೋಕ್ಯಕ್ಕೆ ಮುಟ್ಟುವ ಮೊದಲೇ ಸಾರ್ಡೀನಿಯದ ಲೂಸಿಫರನೆಂಬ ಉಗ್ರಸ್ವಭಾವದ ಬಿಷಪ್ಪನೊಬ್ಬನು ಅಲ್ಲಿಗೆ ಹೋಗಿ, ಒಂದು ಎನ್ನುವ ಗುಂಪಿನ ಪೌಲೀನಸನಿಗೆ ಪಟ್ಟಕಟ್ಟಿಬಿಟ್ಟಿದ್ದನು. ಮೂರು ಎನ್ನುವ ಗುಂಪಿಗೆ ಮೆಲೀಶಿಯಸನು ಆಗಲೇ ಬಿಷಪ್ಪನಾಗಿದ್ದನು. ಒಂದೇ ಊರಿಗೆ, ಒಂದೇ ಅಭಿಪ್ರಾಯದ ಇಬ್ಬರು ಬಿಷಪ್ಪರಾದರು. ಆ ಒಡಕು ಐದನೆಯ ಶತಮಾನದವರೆಗೂ ಮುಗಿಯಲಿಲ್ಲ. ಜೂಲಿಯನನೂ ಅದೇ ವರ್ಷ ಅಥನಾಸಿಯಸನನ್ನು ಮತ್ತೆ ಓಡಿಸಿದನು.

ಲ್ಯಾಟಿನರ ತೊಡಕು ಇನ್ನೂ ಹೆಚ್ಚಿನದು. ಹೈಪೋಸ್ಟಸಿಸ್ ಎಂಬುದನ್ನು ಅವಯವಶಃ ಭಾಷಾಂತರಿಸಿದರೆ ಲ್ಯಾಟಿನಿನಲ್ಲಿ 'ಸುಬ್‌ಸ್ತಾಂತಿಯಾ' ಎಂದೇ ಆಗುತ್ತದೆ. ಗ್ರೀಕರು ಮೂರು ಎಂದುದನ್ನೇ ಲ್ಯಾಟಿನರು ಒಂದು ಎಂದು ಹೇಳುವಂತಾಯಿತು! ಇತ್ತ ಲ್ಯಾಟಿನರ ಪೆರ್ಸೋನಾ ಶಬ್ದಕ್ಕೆ ನಾಟಕದ ಮುಖವಾಡವೆಂಬ ಅರ್ಥವೂ ಇದ್ದುದರಿಂದ, ಅದು ಗ್ರೀಕರ ಕಿವಿಗೆ ಒಬ್ಬ ನಟನ ಮೂರು ವೇಷಗಳಂತೆ ಕೇಳಿಸಿತು. ಲ್ಯಾಟಿನ್ ಬೈಬಲಿನ ಕರ್ತೃವಾದ ಜೆರೋಮನು ಸಿರಿಯಾದ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದಾಗ ಸುತ್ತಲಿನವರೆಲ್ಲ ಮೂರು ಹೈಪೋಸ್ಟಸಿಸ್ ಎಂದು ಹೇಳೆಂದು ಪೀಡಿಸಲು, ಹಾಗೆ ಹೇಳಬಹುದೇ ಕೂಡದೇ ಎಂದು ರೋಮಿನ ಪೋಪನಾದ ಡಮಾಸಸನಿಗೆ ಪತ್ರ ಬರೆದು ಅಪ್ಪಣೆ ಕೇಳಿದನು.

ಪರಿಭಾಷೆಯನ್ನು ಕೊನೆಗೆ ಸ್ಥಿರಪಡಿಸಿದವರು ಕಪ್ಪದೋಕ್ಯದ ಮೂವರು: ಬೇಸಿಲ್, ಅವನ ತಮ್ಮ ನಿಸ್ಸಾದ ಗ್ರೆಗೊರಿ, ಅವರ ಮಿತ್ರ ನಾಸಿಯಾಂಜಸಿನ ಗ್ರೆಗೊರಿ. ಊಸಿಯಾ ಒಂದು, ಹೈಪೋಸ್ಟಸಿಸ್ ಮೂರು ಎಂದು ಇವರು ವ್ಯವಸ್ಥೆ ಮಾಡಿದರು. ಮೊದಲನೆಯದು ಸಾಮಾನ್ಯ, ಎರಡನೆಯದು ವಿಶೇಷ, ಎಂದು ಬೇಸಿಲನು ವಿವರಿಸಿದನು. ತರ್ಕಸಂಗ್ರಹವನ್ನು ಓದಿದ ಹುಡುಗನೂ ಇಲ್ಲಿ ಕೈಯೆತ್ತಿ ಕೇಳುವನು: ಸ್ವಾಮಿ, ಮನುಷ್ಯತ್ವವೆಂಬ ಸಾಮಾನ್ಯವು ಒಂದೇ ಆದರೂ ರಾಮ, ಕೃಷ್ಣ, ಗೋವಿಂದರು ಮೂವರು ಮನುಷ್ಯರಲ್ಲವೆ? ಹಾಗೆಯೇ ಮೂವರು ದೇವರಾಗಲಿಲ್ಲವೆ? ಅಬ್ಲಾಬಿಯಸನೆಂಬವನು ಈ ಪ್ರಶ್ನೆಯನ್ನೇ ಕೇಳಿದನು. ಅವನಿಗೆ ಉತ್ತರವಾಗಿ ನಿಸ್ಸಾದ ಗ್ರೆಗೊರಿಯು ಒಂದು ಗ್ರಂಥವನ್ನೇ ಬರೆದನು. ಮೂವರು ಮನುಷ್ಯರು ಪ್ರತ್ಯೇಕವಾಗಿ ಕೆಲಸಮಾಡುತ್ತಾರೆ. ದೇವನಲ್ಲಾದರೋ ಪ್ರತಿಯೊಂದು ಕ್ರಿಯೆಯೂ ತಂದೆಯಿಂದ ಹೊರಟು ಮಗನ ಮೂಲಕ ಸಾಗಿ ಆತ್ಮದಲ್ಲಿ ಪೂರ್ಣವಾಗುತ್ತದೆ, ಕ್ರಿಯೆಯು ಒಂದೇ ಆದುದರಿಂದ ದೇವನೂ ಒಬ್ಬನೇ, ಎಂಬುದು ಅದರ ಸಾರ. ಉತ್ತರವು ಪ್ರಶ್ನೆಯಷ್ಟು ಗಟ್ಟಿಯಾಗಿಲ್ಲವೆಂದು ನನಗೆ ತೋರುತ್ತದೆ. ಲ್ಯಾಟಿನರ ಅಗಸ್ಟೀನನು ಮಾತ್ರ ಮೂರು ಎಂದರೆ ಮೂರು ಏನು ಎಂದು ತನ್ನನ್ನೇ ಕೇಳಿಕೊಂಡು, ಸುಮ್ಮನಿರಬಾರದೆಂಬುದಕ್ಕಾಗಿ ಪೆರ್ಸೋನಾ ಎನ್ನುತ್ತೇವೆ ಎಂದು ಪ್ರಾಮಾಣಿಕವಾಗಿ ಒಪ್ಪಿದನು. ಅವನು ಉಪಮಾನವನ್ನು ಹುಡುಕಿದುದು ಹೊರಗಲ್ಲ, ಒಳಗೆ: ಒಂದೇ ಮನಸ್ಸಿನ ಸ್ಮರಣೆ, ಜ್ಞಾನ, ಇಚ್ಛೆಗಳಲ್ಲಿ.

380ರಲ್ಲಿ ಚಕ್ರವರ್ತಿ ಥಿಯೋಡೋಸಿಯಸನು ತ್ರಿತ್ವವನ್ನು ರಾಜಾಜ್ಞೆಯಿಂದ ವಿಧಿಸಿದನು. 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆಯು ಪವಿತ್ರಾತ್ಮನ ವಿಷಯವನ್ನೂ ನಿರ್ಣಯಿಸಿತು. ಏರಿಯಸನ ಮತವು ಸಾಮ್ರಾಜ್ಯದ ಹೊರಗೆ ಗಾಥ್, ವಾಂಡಲ್ ಮೊದಲಾದ ಜರ್ಮನ್ ಜನಾಂಗಗಳಲ್ಲಿ ಬಹುಕಾಲ ಉಳಿಯಿತು. ಸ್ಪೇನಿನ ಗಾಥ್ ದೊರೆಯಾದ ರೆಕಾರೆಡನು ಅದನ್ನು ಬಿಟ್ಟ ಮೇಲೆ 589ರಲ್ಲಿ ಟೊಲೆಡೊ ನಗರದಲ್ಲಿ ಸೇರಿದ ಸಭೆಯು, ಮಗನ ಘನತೆಯನ್ನು ಎತ್ತಿಹಿಡಿಯುವುದಕ್ಕಾಗಿ, ಆತ್ಮವು ತಂದೆಯಿಂದ ಮಾತ್ರವಲ್ಲ, ಮಗನಿಂದಲೂ ಹೊರಡುತ್ತದೆಂದು ಸಾರಿತು. 'ಮಗನಿಂದಲೂ' ಎಂಬ ಅರ್ಥದ 'ಫಿಲಿಯೋಕ್ವೆ' ಎಂಬ ಈ ಒಂದು ಪದವು ಪಶ್ಚಿಮದಲ್ಲಿ ಮೆಲ್ಲಮೆಲ್ಲನೆ ಹರಡಿ 1014ರ ಹೊತ್ತಿಗೆ ರೋಮಿನ ವಿಶ್ವಾಸಸೂತ್ರವನ್ನೂ ಸೇರಿತು. ಗ್ರೀಕರು ಇದನ್ನು ಒಪ್ಪಲಿಲ್ಲ. ತಂದೆಯೊಬ್ಬನೇ ಮೂಲವೆಂದು ಅವರ ಸಿದ್ಧಾಂತ. 1054ರ ಒಡಕಿಗೆ ಇದೂ ಒಂದು ಕಾರಣವಾಯಿತು.

ಇಲ್ಲಿಯೂ ಶಬ್ದದ ಕೈವಾಡವುಂಟು. ಗ್ರೀಕಿನಲ್ಲಿ ಆದಿಮೂಲದಿಂದ ಉದ್ಭವಿಸುವುದಕ್ಕೆ ಬಳಸುವ ಕ್ರಿಯಾಪದವು ಬೇರೆ. ಲ್ಯಾಟಿನಿನ ಪದವು ಎಲ್ಲ ಬಗೆಯ ಬರುವಿಕೆಗೂ ಸಲ್ಲುತ್ತದೆ. ಶ್ರೀರಂಗಪಟ್ಟಣದವನು ಕಾವೇರಿಯು ಕನ್ನಂಬಾಡಿಯಿಂದ ಬರುತ್ತದೆಂದರೆ ತಪ್ಪಲ್ಲ. ಕನ್ನಂಬಾಡಿಯಲ್ಲಿ ಹುಟ್ಟುತ್ತದೆಂದರೆ ತಪ್ಪು. 1439ರಲ್ಲಿ ಫ್ಲಾರೆನ್ಸಿನಲ್ಲಿ ಎರಡು ಪಕ್ಷದವರೂ ಸೇರಿ, 'ಮಗನ ಮೂಲಕ' ಎಂಬ ಗ್ರೀಕರ ಮಾತಿಗೂ 'ಮಗನಿಂದ' ಎಂಬ ಲ್ಯಾಟಿನರ ಮಾತಿಗೂ ತಾತ್ಪರ್ಯವೊಂದೇ ಎಂದು ಒಪ್ಪಂದ ಬರೆದರು. ನೋಡುವುದಕ್ಕೆ ಇದು 362ರ ಮಾರ್ಗವೇ. ಆದರೆ ಅಲ್ಲಿ ಯಾರ ಮೇಲೂ ಒತ್ತಾಯವಿರಲಿಲ್ಲ. ಇಲ್ಲಿಯಾದರೋ ತುರುಕರ ಸೈನ್ಯದ ಭಯದಿಂದ ಪಶ್ಚಿಮದ ಸಹಾಯವನ್ನು ಬೇಡಿ ಗ್ರೀಕರು ಬಂದಿದ್ದರು. ಎಫೆಸದ ಮಾರ್ಕನು ರುಜು ಹಾಕಲಿಲ್ಲ. ಊರಿಗೆ ಮರಳಿದವರನ್ನು ಜನರು ದ್ರೋಹಿಗಳೆಂದು ಹಳಿದರು. 1453ರಲ್ಲಿ ನಗರವೇ ಬಿದ್ದುಹೋಯಿತು. ಆ ಎರಡು ಕ್ರಿಯಾಪದಗಳ ಭೇದವನ್ನು ರೋಮಿನವರು ಬಹಿರಂಗವಾಗಿ ವಿವರಿಸಿ ಬರೆದುದು 1995ರಲ್ಲಿ.

ಇಷ್ಟರಿಂದ ತ್ರಿತ್ವದ ವಿವಾದವೆಲ್ಲ ಶಬ್ದಭ್ರಾಂತಿಯೇ ಎಂದು ತಿಳಿಯಬಾರದು. ತ್ರಿತ್ವವನ್ನೇ ನಿರಾಕರಿಸಿದ ಕ್ರೈಸ್ತರೂ ಇದ್ದಾರೆ. ಸ್ಪೇನಿನ ವೈದ್ಯನಾದ ಮಿಗೆಲ್ ಸೆರ್ವೆಟಸನು ತರುಣನಾಗಿದ್ದಾಗಲೇ, 1531ರಲ್ಲಿ, ತ್ರಿತ್ವದ ದೋಷಗಳನ್ನು ಕುರಿತು ಪುಸ್ತಕ ಬರೆದನು. ಕಥೋಲಿಕರಿಂದ ತಪ್ಪಿಸಿಕೊಂಡು ಹೋದವನು ಪ್ರೊಟೆಸ್ಟಂಟ್ ಆಚಾರ್ಯನಾದ ಕಾಲ್ವಿನನ ಜಿನೀವಾದಲ್ಲಿ ಸಿಕ್ಕಿಬಿದ್ದನು. 1553ನೆಯ ಅಕ್ಟೋಬರ್ 27ರಂದು ಅವನನ್ನು ಜೀವಂತವಾಗಿ ಸುಟ್ಟರು. ಬೆಂಕಿಯಲ್ಲಿ ಅವನು 'ನಿತ್ಯನಾದ ದೇವರ ಮಗನೇ' ಎಂದು ಯೇಸುವನ್ನು ಕೂಗಿಕೊಂಡನೆಂದು ಹೇಳುತ್ತಾರೆ. 'ದೇವರ ನಿತ್ಯನಾದ ಮಗನೇ' ಎಂದು ಹೇಳಿದ್ದರೆ ಅದು ಸಿದ್ಧಾಂತಕ್ಕೆ ಒಪ್ಪುತ್ತಿದ್ದಿತು. ವಿಶೇಷಣವನ್ನು ಒಂದು ಪದದಷ್ಟು ಸರಿಸಲು ಅವನು ಒಪ್ಪಲಿಲ್ಲ. ಮರುವರ್ಷವೇ ಸೆಬಾಸ್ತಿಯನ್ ಕಾಸ್ತೆಲಿಯೋ ಎಂಬ ಅಧ್ಯಾಪಕನು ಮತಭೇದಕ್ಕಾಗಿ ಕೊಲ್ಲುವುದನ್ನು ಖಂಡಿಸಿ ಗ್ರಂಥವನ್ನು ಪ್ರಕಟಿಸಿದನು. 1903ರಲ್ಲಿ ಕಾಲ್ವಿನನ ಅನುಯಾಯಿಗಳೇ ಸೆರ್ವೆಟಸನನ್ನು ಸುಟ್ಟ ಸ್ಥಳದ ಬಳಿ ಪ್ರಾಯಶ್ಚಿತ್ತವಾಗಿ ಒಂದು ಕಲ್ಲನ್ನು ನಿಲ್ಲಿಸಿದರು.

ಏಕತ್ವವಾದಿಗಳಾದ ಇಂಥವರು ಪೋಲೆಂಡಿನಲ್ಲಿಯೂ ಟ್ರಾನ್ಸಿಲ್ವೇನಿಯದಲ್ಲಿಯೂ ಸಂಘಕಟ್ಟಿ, ಕಾಲಾನಂತರದಲ್ಲಿ ಇಂಗ್ಲೆಂಡಿನಲ್ಲಿ ಯೂನಿಟೇರಿಯನ್ನರೆಂದು ಹೆಸರಾದರು. ತ್ರಿತ್ವವನ್ನು ಅಲ್ಲಗಳೆಯುವುದು ಅಲ್ಲಿ ಅಪರಾಧವಲ್ಲವೆಂದಾದುದು 1813ರಲ್ಲಿ. ಇದೇ ವಿವಾದವು ಎಂಟು ವರ್ಷಗಳಲ್ಲಿ ನಮ್ಮ ದೇಶವನ್ನೂ ಮುಟ್ಟಿತು. ಕಲಕತ್ತೆಯ ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಸಂಗ್ರಹಿಸಿ ಪುಸ್ತಕವಾಗಿ ಅಚ್ಚುಹಾಕಿಸಿದರು. ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಶನರಿ ಮಾರ್ಷ್‌ಮನ್ನನು, ತ್ರಿತ್ವವನ್ನು ಬಿಟ್ಟ ಬೋಧೆಯಿಂದ ಪ್ರಯೋಜನವೇನೆಂದು ಆಕ್ಷೇಪಿಸಿದನು. ಅದೇ ಕಾಲದಲ್ಲಿ ರಾಯರು ಯೇಟ್ಸ್, ಆಡಂ ಎಂಬ ಇಬ್ಬರು ಮಿಶನರಿಗಳೊಡನೆ ಸುವಾರ್ತೆಯ ಬಂಗಾಳಿ ಭಾಷಾಂತರವನ್ನು ತಿದ್ದುತ್ತಿದ್ದರು. ಯೋಹಾನನ ಮೊದಲ ಅಧ್ಯಾಯದ ಒಂದು ಗ್ರೀಕ್ ಅವ್ಯಯದಲ್ಲಿ ಕೆಲಸವು ನಿಂತಿತು. ಸಮಸ್ತವೂ ವಾಕ್ಕಿನಿಂದ ಆಯಿತೆಂಬಲ್ಲಿ ವಾಕ್ಕು ಕರ್ತೃವೋ ಕರಣವೋ? ಕರ್ತೃವಾದರೆ ಅದೇ ಸೃಷ್ಟಿಕರ್ತನು. ಕರಣವಾದರೆ ಬಡಗಿಯ ಕೈಯ ಉಳಿಯಂತೆ. ಸಂಸ್ಕೃತದ ತೃತೀಯಾ ವಿಭಕ್ತಿಯಾಗಲಿ ಕನ್ನಡದ 'ಇಂದ' ಪ್ರತ್ಯಯವಾಗಲಿ ಎರಡಕ್ಕೂ ಸಲ್ಲುತ್ತದೆ. ಬಂಗಾಳಿಯಲ್ಲಿ ಒಂದನ್ನು ಆರಿಸಲೇಬೇಕಾಯಿತು. ಮೂಲದಲ್ಲಿರುವುದು 'ಮೂಲಕ' ಎಂಬರ್ಥವೇ ಎಂದು ಮೊದಲು ಒಪ್ಪಿದ ಯೇಟ್ಸನು ಅದರ ಪರಿಣಾಮಕ್ಕೆ ಹೆದರಿ ಹಿಂದೆಗೆದನು. ಆಡಂ ಹಿಂದೆಗೆಯಲಿಲ್ಲ, ಹಿಂದೂವನ್ನು ಕ್ರೈಸ್ತನನ್ನಾಗಿ ಮಾಡಲು ಬಂದವನು 1821ರಲ್ಲಿ ತಾನೇ ತ್ರಿತ್ವವನ್ನು ಬಿಟ್ಟು ಯೂನಿಟೇರಿಯನ್ನನಾದನು. ಅವನ ಹೆಸರನ್ನು ಹಿಡಿದು 'ಪತಿತನಾದ ಎರಡನೆಯ ಆದಾಮ' ಎಂದು ಮಿಶನಿನವರು ಹಾಸ್ಯಮಾಡಿದರು. ರಾಯರ ಕೊನೆಯ ಉತ್ತರಗ್ರಂಥವನ್ನು ಅಚ್ಚುಹಾಕಲು ಮಿಶನಿನ ಮುದ್ರಣಾಲಯವು ಒಪ್ಪದಿರಲು ಅವರು ಸ್ವಂತ ಮುದ್ರಣಾಲಯವನ್ನೇ ಇಟ್ಟರು.

ಅದೇ ವಂಗದೇಶದಲ್ಲಿ ಮುಂದೆ ಇದಕ್ಕೆ ವಿರುದ್ಧವಾದ ಯತ್ನವೂ ನಡೆಯಿತು. ಬ್ರಾಹ್ಮಣನಾಗಿ ಹುಟ್ಟಿ ಕಥೋಲಿಕನಾದ ಬ್ರಹ್ಮಬಾಂಧವ ಉಪಾಧ್ಯಾಯನು ಕಾವಿಯುಟ್ಟು ಸಂನ್ಯಾಸಿಯಂತೆ ಇದ್ದುಕೊಂಡು, ತ್ರಿತ್ವವನ್ನು ಸಚ್ಚಿದಾನಂದ ಶಬ್ದದಿಂದ ವಿವರಿಸಿದನು: ತಂದೆಯು ಸತ್, ವಾಕ್ಕೆನಿಸುವ ಮಗನು ಚಿತ್, ಆತ್ಮವು ಆನಂದ. 1898ರಲ್ಲಿ ಸಂಸ್ಕೃತದಲ್ಲಿ ಒಂದು ಸ್ತೋತ್ರವನ್ನೂ ರಚಿಸಿದನು. ಸಂಸ್ಕೃತವು ಲಲಿತವಾಗಿಯೇ ಇದೆ. ಆದರೆ ನಮ್ಮ ಅದ್ವೈತಿಗಳಿಗೆ ಸತ್, ಚಿತ್, ಆನಂದಗಳು ಒಂದೇ ಸ್ವರೂಪದ ಮೂರು ಹೆಸರುಗಳು. ಅವುಗಳ ನಡುವೆ ಪರಸ್ಪರ ಪ್ರೀತಿಯಾಗಲಿ ಸಂಭಾಷಣೆಯಾಗಲಿ ಇಲ್ಲ. ಆ ಅರ್ಥದಲ್ಲಿ ತೆಗೆದುಕೊಂಡರೆ ಉಪಾಧ್ಯಾಯನ ಮಾತು ಸಬೆಲಿಯಸನ ಬಳಿಗೆ ಹೋಗಿ ನಿಲ್ಲುತ್ತದೆ. ಅವನು ಆ ಶಬ್ದವನ್ನು ಶಂಕರಾಚಾರ್ಯರ ವಿವಕ್ಷೆಯಲ್ಲಿ ಬಳಸಿದನೋ ಬೇಸಿಲನ ವಿವಕ್ಷೆಯಲ್ಲಿ ಬಳಸಿದನೋ ಎಂದು ಕರೆದು ಕೇಳಿದವರು ಕಡಮೆ. ಕಥೋಲಿಕ ಅಧಿಕಾರಿಗಳು ಅವನ ಪತ್ರಿಕೆಯನ್ನು ಓದಕೂಡದೆಂದು ನಿಷೇಧಿಸಿದರು. ಅವನು ರಾಜಕೀಯಕ್ಕೆ ಇಳಿದು, ರಾಜದ್ರೋಹದ ಮೊಕದ್ದಮೆಯು ನಡೆಯುತ್ತಿದ್ದಾಗಲೇ 1907ರಲ್ಲಿ ಕಲಕತ್ತೆಯ ಆಸ್ಪತ್ರೆಯಲ್ಲಿ ತೀರಿಕೊಂಡನು. ಅವನ ಸ್ತೋತ್ರವನ್ನು ಭಾರತದ ಕ್ರೈಸ್ತ ಆಶ್ರಮಗಳಲ್ಲಿ ಈಗಲೂ ಹಾಡುತ್ತಾರೆ.